ಅಣ್ಣನಿಗೆ ಶುಗರ್ ಉಂಟು, ತಂಗಿಯನ್ನ ಟ್ರಯಲ್‌ಗೆ ಸೇರಿಸುವುದಾ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ. ದೊಡ್ಡ ಮಗನಿಗೆ ಟೈಪ್ ಒನ್ ಶುಗರ್, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಸಣ್ಣವಳಿಗೆ ಈಗ ಐದು ವರ್ಷ. ಅವಳಿಗೆ ಬಾರದ ಹಾಗೆ ತಡೀಲಿಕ್ಕೆ ಮದ್ದಿನ ಟ್ರಯಲ್ ಎಲ್ಲ ನಡೀತದೆ ಅಂತ ಅಮೆರಿಕದಲ್ಲಿರುವ ಭಾವ ಹೇಳಿದ್ರು. ಇಲ್ಲಿ ಯಾರಾದ್ರು ಕರೆದ್ರೆ ಸೇರಿಸುವುದಾ? ಅತ್ತೆ ಅಂತೂ "ಮಗು ಎಂತ ಇಲಿಯಾ ಪ್ರಯೋಗಕ್ಕೆ ಕೊಡ್ಲಿಕ್ಕೆ" ಅಂತ ಒಂದೇ ಗಲಾಟೆ.

ಉತ್ತರ: ಅತ್ತೆಯ ಮಾತನ್ನ ಸುಮ್ಮನೆ ತಳ್ಳಿಹಾಕ್ಬೇಡಿ ಮಾರಾಯ್ರೆ. ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು ಕೆಳಗಿದ್ದವರ ಹತ್ರ ಕೇಳಿ ಅಲ್ಲ, ಆಮೇಲೆ ಸರ್ವೆ, ಕ್ಯಾಂಪ್ ಅಂತ ಬಂದು ಹೋದವರನ್ನ ನೋಡಿ ನೋಡಿ ಎಣ್ಮಕಜೆ ಕಡೆಯವರಿಗೆ ಸಾಕಾಗಿದೆ, ಹಾಗಿರುವಾಗ ನಮ್ಮೂರಲ್ಲಿ ಹಿರಿಯರು ಹೆದರದೆ ಇದ್ರೇ ಆಶ್ಚರ್ಯ. ಆದ್ರೆ ಕಾನೂನು ಪ್ರಕಾರ ನಡೆಯುವ ಟ್ರಯಲ್‌ನಲ್ಲಿ ನಿಮ್ಮ ಸೈನ್ ಇಲ್ಲದೆ ಮಗುವಿನ ಒಂದು ಹನಿ ರಕ್ತ ತೆಗೀಲಿಕ್ಕಿಲ್ಲ, ಇದನ್ನ ಅವರಿಗೆ ಸಮಾಧಾನದಲ್ಲಿ ಹೇಳಿ.

ಈಗ ವಿಷಯಕ್ಕೆ ಬರುವ. ಅಣ್ಣನಿಗೆ ಬಂತು ಅಂತ ತಂಗಿಗೆ ಬಂದೇ ಬರ್ತದೆ ಅಂತ ಇಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಒಡಹುಟ್ಟಿದವರಲ್ಲಿ ನೂರಕ್ಕೆ ಐದಾರು ಜನರಿಗೆ ಬರ್ತದೆ, ಉಳಿದವರಿಗೆ ಇಲ್ಲ. ಹಾಗಾಗಿ ಟ್ರಯಲ್‌ನವರು ನೇರ ಮದ್ದು ಕೊಡುವುದಿಲ್ಲ, ಮೊದಲು ರಕ್ತದಲ್ಲಿ ಈ ಸೀಕಿನ ಗುರುತಾದ ಆಂಟಿಬಾಡಿ ಉಂಟಾ ಅಂತ ನೋಡ್ತಾರೆ. ಈ ಸೀಕಿನಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನ ಕೊಲ್ತದೆ, ಆ ಕೆಲಸ ಶುರುವಾದದ್ದು ಬಾಯಾರಿಕೆ, ಪದೇ ಪದೇ ಮೂತ್ರ ಎಲ್ಲ ಕಾಣುವುದಕ್ಕಿಂತ ಎಷ್ಟೋ ತಿಂಗಳು, ಕೆಲವರಲ್ಲಿ ವರ್ಷಗಳ ಮೊದಲೇ ಆಂಟಿಬಾಡಿಯಲ್ಲಿ ಗೊತ್ತಾಗ್ತದೆ. ಎರಡು ಅಥವಾ ಜಾಸ್ತಿ ನಮೂನೆಯ ಆಂಟಿಬಾಡಿ ಸಿಕ್ಕಿದ್ರೆ ಅದು ಸ್ಟೇಜ್ ಒನ್, ಫಿನ್ಲೆಂಡ್, ಜರ್ಮನಿ, ಅಮೆರಿಕದ ಮಕ್ಕಳನ್ನ ವರ್ಷಗಟ್ಟಲೆ ನೋಡಿ 2013ರಲ್ಲಿ ಬಂದ ವರದಿ ಪ್ರಕಾರ ಅಂಥವರಲ್ಲಿ ನೂರಕ್ಕೆ ಸುಮಾರು 70 ಜನರಿಗೆ ಹತ್ತು ವರ್ಷದೊಳಗೆ ಸೀಕು ಬಂತು. ಆಂಟಿಬಾಡಿ ಜೊತೆಗೆ ಶುಗರ್ ಕೂಡ ಸ್ವಲ್ಪ ಏರುಪೇರು ಆಗ್ತಾ ಉಂಟು ಅಂತಾದ್ರೆ ಸ್ಟೇಜ್ ಟು.

ಹಾಗಾಗಿ ನೀವು ತೀರ್ಮಾನ ಮಾಡ್ಬೇಕಾದ್ದು ಮೊದಲು ಟ್ರಯಲ್ ಅಲ್ಲ, ಆ ರಕ್ತಪರೀಕ್ಷೆ. ಪಾಸಿಟಿವ್ ಬಂದ್ರೆ ಅದನ್ನ ಇಟ್ಕೊಂಡು ಬದುಕ್ಲಿಕ್ಕೆ ಆಗ್ತದಾ? ಮಗು ರಾತ್ರಿ ನೀರು ಕೇಳಿದ್ರೆ ಎದೆ ಧಸಕ್ಕೆನ್ನುವುದು, ಪಾಯಸ ಬಡಿಸುವಾಗ ಕೈ ಹಿಂದೆ ಬರುವುದು, ಇದೆಲ್ಲ ಆಗ್ತದೆ. ನೆಗೆಟಿವ್ ಬಂದ್ರೂ ಆಂಟಿಬಾಡಿ ಮುಂದೆ ಬರಬಹುದು, ಒಂದು ಸಲಕ್ಕೆ ಮುಗಿಯುವುದಿಲ್ಲ. ಲಾಭವೂ ಉಂಟು, ದೊಡ್ಡ ಲಾಭ: ಮೊದಲೇ ಗೊತ್ತಿದ್ದ ಮಕ್ಕಳು ವಾಂತಿ, ಏದುಸಿರು ಅಂತ ಐಸಿಯು ಸೇರುವ ಮಟ್ಟಕ್ಕೆ ಹೋಗುವುದು ತುಂಬಾ ಕಡಿಮೆ. ನನ್ನ ಕೇಳಿದ್ರೆ, ಫಾಲೋ ಅಪ್ ಮಾಡುವ ಒಳ್ಳೆ ಮಕ್ಕಳ ಶುಗರ್ ಡಾಕ್ಟರ್ ಇದ್ರೆ ಪರೀಕ್ಷೆ ಮಾಡಿಸುವುದೇ ಸರಿ.

ಇನ್ನು ಮದ್ದು. ಟೆಪ್ಲಿಝುಮ್ಯಾಬ್ ಅಂತ ಒಂದುಂಟು, ಭಾವ ಹೇಳಿದ್ದು ಬಹುಶಃ ಅದನ್ನೇ. 2019ರಲ್ಲಿ ಬಂದ ಟ್ರಯಲ್‌ನಲ್ಲಿ ಸ್ಟೇಜ್ ಟು ಇದ್ದ 76 ಜನ ಇದ್ರು, 44 ಜನರಿಗೆ 14 ದಿವಸ ಡ್ರಿಪ್‌ನಲ್ಲಿ ಮದ್ದು, 32 ಜನರಿಗೆ ಮದ್ದಿಲ್ಲದ ಬರೇ ಡ್ರಿಪ್. ಮದ್ದು ಸಿಕ್ಕಿದವರಲ್ಲಿ ಸೀಕು ಸರಾಸರಿ ಎರಡು ವರ್ಷ ತಡವಾಯ್ತು. ತಡವಾಯ್ತು ಅಷ್ಟೇ, ಪೂರ್ತಿ ನಿಂತದ್ದಲ್ಲ. ಆದ್ರೆ ಎರಡು ವರ್ಷ ಇಂಜೆಕ್ಷನ್ ಇಲ್ಲದೆ ಶಾಲೆಗೆ ಹೋಗುವುದು ಎಂತದ್ದು ಅಂತ ನಿಮಗೆ ನಾನು ಹೇಳ್ಬೇಕಾ? ಮೈಯಲ್ಲಿ ದದ್ದು, ಬಿಳಿ ರಕ್ತಕಣ ಕೆಲವು ಸಮಯ ಇಳಿಯುವುದು, ಇದೆಲ್ಲ ಕಂಡುಬಂತು. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದಾಗ 8 ವರ್ಷ ಆದವರಿಗೆ ಅಂತ ಇತ್ತು, ನಿಮ್ಮ ಮಗಳಿಗೆ ಐದು.

ಫೇಲ್ ಆದ ಟ್ರಯಲ್ ಬೇಕಾದಷ್ಟುಂಟು. ಸಣ್ಣ ಡೋಸ್ ಇನ್ಸುಲಿನ್ ಇಂಜೆಕ್ಷನ್ ಮೊದಲೇ ಕೊಟ್ಟು ನೋಡಿದ್ರು, 2002ರಲ್ಲಿ ಪ್ರಯೋಜನ ಇಲ್ಲ ಅಂತ ಆಯ್ತು. 15 ದೇಶದ 2159 ಶಿಶುಗಳಿಗೆ ಬೇರೆ ನಮೂನೆಯ ಹಾಲಿನ ಪುಡಿ ಕೊಟ್ಟು ನೋಡಿದ್ರು, 2018ರಲ್ಲಿ ಸೊನ್ನೆ. ಆದ್ರೂ ಆ ತಂದೆತಾಯಿಗಳ ಕಷ್ಟ ವ್ಯರ್ಥ ಅಂತ ನಾನು ಹೇಳುವುದಿಲ್ಲ, "ಮಾಮೂಲಿ ಪುಡಿ ಹಾಲು ಕೊಟ್ಟದ್ದಕ್ಕೇ ಹೀಗಾಯ್ತು" ಅಂತ ತಾಯಿಯನ್ನ ಬಯ್ಯುವವರ ಬಾಯಿ ಮುಚ್ಚಿಸ್ಲಿಕ್ಕೆ ಅದು ಸಾಕು.

ಯಾರಾದ್ರು ಇಲ್ಲಿ ಕರೆದ್ರೆ ಮೊದಲು ಸಿಟಿಆರ್‌ಐ, ಅಂದ್ರೆ ದೇಶದ ಟ್ರಯಲ್‌ಗಳ ಸರ್ಕಾರಿ ರಿಜಿಸ್ಟರ್‌ನ ನಂಬರ್ ಕೇಳಿ, 2009ರಿಂದ ಟ್ರಯಲ್ ಅಲ್ಲಿ ರಿಜಿಸ್ಟರ್ ಆಗಿರ್ಲೇಬೇಕು. ನಂಬರ್ ಕೊಡ್ಲಿಕ್ಕೆ ಅನುಮಾನ ಮಾಡಿದ್ರೆ ಎದ್ದು ಬನ್ನಿ. ಆಮೇಲೆ ಫಾರ್ಮ್. ಕಾಸರಗೋಡಲ್ಲಿ ನಮ್ಮ ಮುಂದೆ ಬರುವುದು ಮಲಯಾಳ, ಇಲ್ಲದಿದ್ರೆ ಇಂಗ್ಲಿಷ್, ರೇಷನ್ ಕಾರ್ಡ್ ಫಾರ್ಮಿಗಾದ್ರೆ ಪಕ್ಕದ ಮನೆಯವರ ಹತ್ರ ಓದಿಸ್ಬಹುದು, ಇದು ಹಾಗಲ್ಲ, ನಿಮಗೆ ಅರ್ಥ ಆಗುವ ಭಾಷೆಯಲ್ಲಿ ಕೊಡ್ಬೇಕು ಅಂತಲೇ ನಿಯಮ, ಹಾಗಾಗಿ ಕನ್ನಡದ್ದು ಕೇಳಿ, ಮನೆಗೆ ತಂದು ಅತ್ತೆಗೂ ಓದಿ ಹೇಳಿ. ತೊಂದರೆ ಆದ್ರೆ ಚಿಕಿತ್ಸೆ ಖರ್ಚು, ಪರಿಹಾರ ಯಾರು ಕೊಡ್ತಾರೆ ಅಂತ ಅದರಲ್ಲಿ ಇರ್ಬೇಕು, 2019ರ ನಿಯಮದಲ್ಲಿ ಅದುಂಟು. ಮಧ್ಯದಲ್ಲಿ ಬಿಟ್ಟರೆ ಅಥವಾ ಸೇರದಿದ್ರೆ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗ್ಲಿಕ್ಕಿಲ್ಲ, ದೊಡ್ಡವನಿಗೆ ಕೇರಳ ಸರ್ಕಾರದ ಮಿಠಾಯಿ ಯೋಜನೆಯಲ್ಲಿ ಇನ್ಸುಲಿನ್ ಸಿಗ್ತಾ ಇದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಏಳು ದಾಟಿದ ಮೇಲೆ ಮಗುವಿನ ಒಪ್ಪಿಗೆಯನ್ನೂ ಕೇಳ್ಬೇಕು, ಬೇಡ ಅಂದ್ರೆ ಬಲವಂತ ಮಾಡ್ಲಿಕ್ಕಿಲ್ಲ.

ಓಡಾಟವನ್ನೂ ಲೆಕ್ಕ ಹಾಕಿ, ಮಂಗಳೂರಿಗೆ ವರ್ಷಗಟ್ಟಲೆ ಹೋಗಿ ಬರ್ಬೇಕಾಗ್ತದೆ, 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಗತಿ ಎಂತ ಆಯ್ತು ಅಂತ ನಿಮಗೆ ಗೊತ್ತುಂಟು. ಆವಾಗ ಎಂತ ಮಾಡುವುದು ಅಂತ ಅವರ ಹತ್ರ ಈಗಲೇ ಕೇಳಿ.

ಸೇರಿಸಿ, ಬಿಡಿ, ದೊಡ್ಡವನ ಗ್ಲುಕೋಮೀಟರ್ ಹೇಗೂ ಮನೆಯಲ್ಲುಂಟಲ್ಲ. ಸಣ್ಣವಳು ವಿಪರೀತ ನೀರು ಕುಡೀಲಿಕ್ಕೆ ಶುರು ಮಾಡಿದ್ರೆ, ಹಾಸಿಗೆ ಒದ್ದೆ ಮಾಡುವುದು ನಿಂತದ್ದು ಪುನಃ ಶುರುವಾದ್ರೆ, ಸಣ್ಣಗಾದ್ರೆ, ಹೊಸ ಸೂಜಿಯಲ್ಲಿ ಒಮ್ಮೆ ಚುಚ್ಚಿ ನೋಡಿ, 200 ದಾಟಿದ್ರೆ ಬೆಳಿಗ್ಗೆಯ ಬಸ್ಸಿಗೆ ಅಂತ ಕಾಯದೆ ಆಗಲೇ ಗಾಡಿ ಮಾಡ್ಕೊಂಡು ಹೋಗಿ.