ಪದ ಪರಿಚಯ: ನೇಟೊದ ‘ತೆರೆದ ಬಾಗಿಲು’

ಉಕ್ರೇನ್ ಯುದ್ಧದ ಸುದ್ದಿಗಳಲ್ಲಿ ‘ತೆರೆದ ಬಾಗಿಲು ನೀತಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದರ ಮೂಲ, ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೊದ ಒಪ್ಪಂದದ 10ನೇ ವಿಧಿ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಆ ಒಪ್ಪಂದ ಬಹಳ ಚಿಕ್ಕದು, ಒಟ್ಟು 14 ವಿಧಿಗಳು. ಒಪ್ಪಂದದ ತತ್ವಗಳನ್ನು ಮುಂದುವರಿಸಬಲ್ಲ, ಉತ್ತರ ಅಟ್ಲಾಂಟಿಕ್ ಪ್ರದೇಶದ ಭದ್ರತೆಗೆ ನೆರವಾಗಬಲ್ಲ ಯಾವುದೇ ಯುರೋಪಿಯನ್ ದೇಶವನ್ನು ಸದಸ್ಯರು ಒಮ್ಮತದಿಂದ ಆಹ್ವಾನಿಸಬಹುದು ಎನ್ನುತ್ತದೆ 10ನೇ ವಿಧಿ. ಇಲ್ಲಿ ಎಲ್ಲ ಭಾರವೂ ‘ಒಮ್ಮತ’ದ ಮೇಲಿದೆ. ಇಂದು ನೇಟೊದಲ್ಲಿ 32 ದೇಶಗಳಿವೆ. ಒಂದೇ ಒಂದು ದೇಶ ಬೇಡವೆಂದರೂ ಆಹ್ವಾನವಿಲ್ಲ. ಹೆಸರಿನ ವಿವಾದದ ಕಾರಣಕ್ಕೆ ಗ್ರೀಸ್ ತಡೆದದ್ದರಿಂದ ಮ್ಯಾಸಿಡೋನಿಯ ವರ್ಷಗಟ್ಟಲೆ ಹೊರಗೇ ಉಳಿಯಿತು. ‘ಉತ್ತರ ಮ್ಯಾಸಿಡೋನಿಯ’ ಎಂದು ಹೆಸರು ಬದಲಿಸಿಕೊಂಡ ಬಳಿಕ, 2020ರಲ್ಲಿ ಅದು ಒಳಗೆ ಬಂತು.

ಯುದ್ಧದಲ್ಲಿರುವ ದೇಶ ನೇಟೊ ಸೇರಲು ನಿಯಮವೇ ಬಿಡುವುದಿಲ್ಲ ಎಂದು ಅನೇಕರು ಬರೆಯುತ್ತಾರೆ. ಒಪ್ಪಂದದಲ್ಲಿ ಅಂಥ ನಿಯಮವಿಲ್ಲ. ಗಡಿ ವಿವಾದಗಳನ್ನು ಶಾಂತಿಯುತವಾಗಿ ಬಗೆಹರಿಸಿಕೊಳ್ಳಬೇಕು, ಹಾಗೆ ಬಗೆಹರಿಸಿಕೊಂಡಿದೆಯೇ ಎಂಬುದು ಆಹ್ವಾನ ನೀಡುವಾಗ ಪರಿಗಣಿಸುವ ಒಂದು ಅಂಶ ಎಂದು ನೇಟೊ 1995ರಲ್ಲಿ ಸಿದ್ಧಪಡಿಸಿದ ವಿಸ್ತರಣಾ ಅಧ್ಯಯನ ಹೇಳುತ್ತದೆ, ಅಷ್ಟೆ. ನಿಜವಾದ ಅಡ್ಡಿ ಇರುವುದು 5ನೇ ವಿಧಿಯಲ್ಲಿ. ಒಬ್ಬ ಸದಸ್ಯನ ಮೇಲಿನ ಸಶಸ್ತ್ರ ದಾಳಿ ಎಲ್ಲರ ಮೇಲಿನ ದಾಳಿ ಎಂಬುದು ಅದರ ಸಾರ. ದಾಳಿಗೊಳಗಾಗಿರುವ ದೇಶವನ್ನೇ ಇಂದು ಸೇರಿಸಿಕೊಂಡರೆ, ಅಣ್ವಸ್ತ್ರ ಹೊಂದಿರುವ ರಷ್ಯಾದ ಜೊತೆ ನಾಳೆಯೇ ಯುದ್ಧಕ್ಕಿಳಿಯಬೇಕಾದೀತು ಎಂಬ ಭಯ ಸದಸ್ಯರದು. ಭಯ ಸುಳ್ಳಲ್ಲ. ಆದರೆ 5ನೇ ವಿಧಿ ಯಾರನ್ನೂ ತಾನಾಗಿಯೇ ರಣರಂಗಕ್ಕೆ ನೂಕುವುದಿಲ್ಲ. ಪ್ರತಿಯೊಂದು ದೇಶವೂ ‘ತನಗೆ ಅಗತ್ಯವೆನಿಸಿದ ಕ್ರಮ’ ಕೈಗೊಳ್ಳಬೇಕು ಎಂದಷ್ಟೇ ಅದು ಹೇಳುತ್ತದೆ. ಈವರೆಗೆ ಅದನ್ನು ಜಾರಿಗೊಳಿಸಿದ್ದು ಒಂದೇ ಬಾರಿ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ.

ಇನ್ನೂ ಒಂದು ವಿಷಯ ಚರ್ಚೆಗೆ ಬರುವುದೇ ಇಲ್ಲ. ನೇಟೊ ರಕ್ಷಣೆ ಸದಸ್ಯ ದೇಶದ ಎಲ್ಲ ನೆಲಕ್ಕೂ ಅನ್ವಯಿಸುವುದಿಲ್ಲ. 6ನೇ ವಿಧಿ ಅದಕ್ಕೆ ಭೌಗೋಳಿಕ ಎಲ್ಲೆ ಹಾಕಿದೆ. ಇದಕ್ಕೆ ಸಾಕ್ಷಿ ನಮ್ಮ ಕರ್ನಾಟಕದ ಪಕ್ಕದಲ್ಲೇ ಇದೆ. ಪೋರ್ಚುಗಲ್ ನೇಟೊದ ಸ್ಥಾಪಕ ಸದಸ್ಯ. 1961ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುತ್ತಮುತ್ತ ಜಮಾಯಿಸಿದ್ದ ಭಾರತೀಯ ಸೇನೆ ಗೋವೆಯೊಳಕ್ಕೆ ನುಗ್ಗಿತು. ಕಾರವಾರದ ಸಮೀಪದ ಅಂಜದೀವ್ ದ್ವೀಪವನ್ನು ನೌಕಾಪಡೆ ಗೆದ್ದುಕೊಂಡಿತು. ಗೋವೆ ತನ್ನದೇ ಪ್ರಾಂತ್ಯವೆಂದು ಪೋರ್ಚುಗಲ್ ಎಷ್ಟೇ ಸಾಧಿಸಿದರೂ ನೇಟೊ ಪಡೆಗಳು ಅದರ ನೆರವಿಗೆ ಬರಲಿಲ್ಲ. ಒಪ್ಪಂದದ ರಕ್ಷಣೆ ಮುಖ್ಯವಾಗಿ ಯುರೋಪು, ಉತ್ತರ ಅಮೆರಿಕ ಮತ್ತು ಕರ್ಕಾಟಕ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ಪ್ರದೇಶಕ್ಕೆ ಸೀಮಿತವಾಗಿತ್ತು. ಗೋವೆ ಆ ಎಲ್ಲೆಯ ಹೊರಗಿತ್ತು.

ರಕ್ಷಣೆಗೆ ಗೆರೆ ಎಳೆಯುವುದು ಹೊಸತಲ್ಲ ಎಂದಾದರೆ, ಆಕ್ರಮಿತ ನೆಲವಿರುವ ದೇಶಕ್ಕೂ ದಾರಿ ಇರಬೇಕಲ್ಲವೇ? ಇತ್ತು. 1955ರಲ್ಲಿ ಪಶ್ಚಿಮ ಜರ್ಮನಿ ನೇಟೊ ಸೇರಿದಾಗ ದೇಶ ಇಬ್ಭಾಗವಾಗಿತ್ತು, ಪೂರ್ವದಲ್ಲಿ ಸೋವಿಯತ್ ಸೇನೆ ಬೀಡುಬಿಟ್ಟಿತ್ತು. ವಿಭಜನೆಯನ್ನು ಪಶ್ಚಿಮ ಜರ್ಮನಿ ಒಪ್ಪಿಕೊಳ್ಳಲಿಲ್ಲ, ಆದರೆ ಬಲಪ್ರಯೋಗದಿಂದ ಏಕೀಕರಣ ಸಾಧಿಸುವುದಿಲ್ಲವೆಂದು ಮಾತು ಕೊಟ್ಟಿತು. ನೇಟೊ ರಕ್ಷಣೆ ಪಶ್ಚಿಮಕ್ಕಷ್ಟೇ ದೊರೆಯಿತು; ಪೂರ್ವಕ್ಕೆ ವಿಸ್ತರಿಸಿದ್ದು 1990ರ ಏಕೀಕರಣದ ಬಳಿಕ. 2024ರ ನವೆಂಬರ್‌ನಲ್ಲಿ ಝೆಲೆನ್‌ಸ್ಕಿಯವರೂ ಇದಕ್ಕೆ ಹತ್ತಿರದ ಮಾತನ್ನಾಡಿದರು: ಆಹ್ವಾನ ಇಡೀ ಉಕ್ರೇನಿಗಿರಲಿ, ರಕ್ಷಣೆ ಸದ್ಯಕ್ಕೆ ಕೀವ್ ಹಿಡಿತದಲ್ಲಿರುವ ನೆಲಕ್ಕೆ ಸಿಗಲಿ ಎಂದು. ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ ಎಂಬುದನ್ನೂ ಒಪ್ಪಬೇಕು. 1955ರಲ್ಲಿ ಜರ್ಮನಿಯ ಗೆರೆಯ ಮೇಲೆ ಗುಂಡು ಹಾರುತ್ತಿರಲಿಲ್ಲ, ಮಿತ್ರಪಡೆಗಳು ಮೊದಲೇ ಅಲ್ಲಿದ್ದವು. ಉಕ್ರೇನಿನಲ್ಲಿ ಸಾವಿರ ಕಿಲೋಮೀಟರಿಗೂ ಉದ್ದದ ರಣರೇಖೆ ಅಲುಗಾಡುತ್ತಲೇ ಇದೆ.

ಹಾಗಿದ್ದರೂ ನನ್ನ ದೃಷ್ಟಿಯಲ್ಲಿ ಉಕ್ರೇನಿಗೆ ದೊಡ್ಡ ಅನ್ಯಾಯವಾದದ್ದು 2008ರ ಏಪ್ರಿಲ್‌ನಲ್ಲಿ, ಬುಕಾರೆಸ್ಟ್ ಶೃಂಗಸಭೆಯಲ್ಲಿ. ಉಕ್ರೇನ್ ಮತ್ತು ಜಾರ್ಜಿಯಕ್ಕೆ ಸದಸ್ಯತ್ವದ ಪೂರ್ವತಯಾರಿಯ ಹಂತವಾದ ‘ಸದಸ್ಯತ್ವ ಕ್ರಿಯಾ ಯೋಜನೆ’ ಕೊಡಬೇಕೆಂದು ಅಮೆರಿಕದ ಅಧ್ಯಕ್ಷ ಬುಷ್ ಪಟ್ಟು ಹಿಡಿದರು. ಜರ್ಮನಿ ಮತ್ತು ಫ್ರಾನ್ಸ್ ಬೇಡವೆಂದವು. ಕೊನೆಗೆ ರಾಜಿಯಾಗಿ ಹೊರಬಿದ್ದ ಘೋಷಣೆ: ಈ ಎರಡು ದೇಶಗಳು ‘ಸದಸ್ಯರಾಗಲಿವೆ’. ಯಾವಾಗ, ಯಾವ ಹಾದಿಯಲ್ಲಿ ಎಂಬುದಿಲ್ಲ. ರಷ್ಯಾಕ್ಕೆ ಕೋಪ ಬರಿಸಲು ಅಷ್ಟು ಸಾಕಾಯಿತು, ಉಕ್ರೇನನ್ನು ಕಾಯಲು ಸಾಲಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ರಷ್ಯಾ-ಜಾರ್ಜಿಯ ಯುದ್ಧ ನಡೆಯಿತು. 2014ರಲ್ಲಿ ಉಕ್ರೇನಿನ ಕ್ರೈಮಿಯ ರಷ್ಯಾದ ವಶವಾಯಿತು. ಆಗ ಉಕ್ರೇನ್ ತನ್ನದೇ ಕಾನೂನಿನ ಪ್ರಕಾರ ಯಾವ ಸೇನಾ ಕೂಟಕ್ಕೂ ಸೇರದ ದೇಶವಾಗಿತ್ತು ಎಂಬುದನ್ನು ನೆನಪಿಡಬೇಕು. ನೇಟೊ ಸೇರುವ ಗುರಿಯನ್ನು ಅದು ಸಂವಿಧಾನಕ್ಕೆ ಸೇರಿಸಿದ್ದು 2019ರಲ್ಲಿ. ಉಕ್ರೇನಿನ ನಾಲ್ಕು ಪ್ರಾಂತ್ಯಗಳನ್ನು ರಷ್ಯಾಕ್ಕೆ ಸೇರಿಸಿಕೊಂಡಿರುವುದಾಗಿ ಪುಟಿನ್ ಘೋಷಿಸಿದ 2022ರ ಸೆಪ್ಟೆಂಬರ್ 30ರಂದೇ ಉಕ್ರೇನ್ ತ್ವರಿತ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ಆ ವರ್ಷವೇ ಅರ್ಜಿ ಸಲ್ಲಿಸಿದ್ದ ಫಿನ್ಲೆಂಡ್ 2023ರ ಏಪ್ರಿಲ್‌ನಲ್ಲಿ, ಸ್ವೀಡನ್ 2024ರ ಮಾರ್ಚ್‌ನಲ್ಲಿ ಸದಸ್ಯರಾದವು. ಉಕ್ರೇನಿಗೆ ಸಿಕ್ಕಿದ್ದು ಇನ್ನಷ್ಟು ಪದಗಳು. 2023ರ ವಿಲ್ನಿಯಸ್ ಶೃಂಗಸಭೆ ಕ್ರಿಯಾ ಯೋಜನೆಯ ಹಂತವನ್ನು ಕೈಬಿಟ್ಟಿತು, ಆದರೆ ಸದಸ್ಯರು ಒಪ್ಪಿ ಷರತ್ತುಗಳು ಪೂರೈಸಿದಾಗ ಆಹ್ವಾನ ಎಂದಿತು. 2024ರ ವಾಷಿಂಗ್ಟನ್ ಸಭೆ ಉಕ್ರೇನಿನ ಹಾದಿಯನ್ನು ‘ಹಿಂದಿರುಗಲಾಗದ್ದು’ ಎಂದು ಕರೆಯಿತು. 2025ರ ಫೆಬ್ರುವರಿಯಲ್ಲಿ ಅಮೆರಿಕದ ರಕ್ಷಣಾ ಸಚಿವ ಹೆಗ್ಸೆತ್, ಸಂಧಾನದ ಫಲವಾಗಿ ಸದಸ್ಯತ್ವ ಸಿಗುವುದು ವಾಸ್ತವಿಕವಲ್ಲ ಎಂದುಬಿಟ್ಟರು.

ಆಕ್ರಮಿತ ನೆಲವಿದ್ದರೆ ಸದಸ್ಯತ್ವವಿಲ್ಲ ಎಂಬುದೇ ರೂಢಿಯಾದರೆ, ನೆರೆಯ ದೇಶದ ಒಂದು ತುಂಡನ್ನು ಹಿಡಿದಿಟ್ಟುಕೊಂಡವನಿಗೆ ನೇಟೊ ಸಭೆಯಲ್ಲಿ ಕೂರದೆಯೇ ವೀಟೊ ಸಿಕ್ಕಂತಾಗುತ್ತದೆ. ಬಾಗಿಲು ತೆರೆದಿದೆ ಎನ್ನುವವರು ಉತ್ತರಿಸಬೇಕಾದ ಮಾತಿದು.

ಸದ್ಯ ಉಕ್ರೇನಿನ ಕೈಯಲ್ಲಿರುವುದು ಒಂದೊಂದು ದೇಶದ ಜೊತೆ ಪ್ರತ್ಯೇಕವಾಗಿ ಮಾಡಿಕೊಂಡ ಭದ್ರತಾ ಒಪ್ಪಂದಗಳು. ಮೊದಲನೆಯದು ಬ್ರಿಟನ್ನಿನದು, 2024ರ ಜನವರಿ 12ರದ್ದು: ರಷ್ಯಾ ಮುಂದೆ ಮತ್ತೆ ದಾಳಿ ಮಾಡಿದರೆ 24 ಗಂಟೆಗಳೊಳಗೆ ಸಮಾಲೋಚನೆ. ಸೈನ್ಯ ಕಳುಹಿಸುವ ಬದ್ಧತೆ ಇಲ್ಲ. 2025ರ ಆಗಸ್ಟ್‌ನಲ್ಲಿ ‘5ನೇ ವಿಧಿಯಂಥ ಖಾತರಿ’ ಎಂಬ ಇನ್ನೊಂದು ಪದ ಚಲಾವಣೆಗೆ ಬಂತು. ಅದು ಯಾವ ನೆಲಕ್ಕೆ, ಯಾರ ಸೈನ್ಯದಿಂದ, ಯಾವ ಸಂಸತ್ತಿನ ಅನುಮೋದನೆಯೊಂದಿಗೆ ಎಂದು ಕೀವ್ ಬಿಡದೆ ಕೇಳುತ್ತಿರುವುದಕ್ಕೆ ಕಾರಣವಿದೆ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಅದು ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದ್ದು ಭರವಸೆಯ ಪತ್ರವೊಂದನ್ನು ನಂಬಿ. ಅದಕ್ಕೆ ಅಮೆರಿಕ ಮತ್ತು ಬ್ರಿಟನ್ ಜೊತೆಗೆ ಸಹಿ ಹಾಕಿದ ಮೂರನೆಯ ದೇಶ ರಷ್ಯಾ.