ಡ್ಯಾಕ್–ಆಂಪ್ ಜೋಡಿ ಅಂದರೇನು?

ಡ್ಯಾಕ್ ಅನ್ನೋದು 'ಡಿಜಿಟಲ್ ಟು ಅನಲಾಗ್ ಕನ್ವರ್ಟರ್' ಎಂಬುದರ ಮೊಟಕು ಹೆಸರು. ಆಂಪ್ ಅಂದರೆ ಆಂಪ್ಲಿಫೈಯರ್. ಈ ಎರಡನೆಯದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಿರಲಿ, ಊರ ಬಯಲಾಟವಿರಲಿ, ಮೈಕ್‌ಸೆಟ್‌ನವರ ಟೇಬಲ್ ಮೇಲೆ ಕೂತು ಬಿಸಿಯಾಗುತ್ತಾ ಇರುವ ಪೆಟ್ಟಿಗೆಯೇ ಅದು. ಹೆಡ್‌ಫೋನ್ ಆಂಪ್ ಅದರ ಚಿಕ್ಕ ತಮ್ಮ. ಡ್ಯಾಕ್ ಮಾತ್ರ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ. ಅದಕ್ಕೇ ಮೊದಲು ಅದರ ವಿಷಯ.

ಮೊಬೈಲ್‌ನಲ್ಲಿ ಇರುವುದು ಹಾಡಲ್ಲ, ಅಂಕಿಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಲೆಕ್ಕವನ್ನೇ ನೋಡಿ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಬೇಕು. ಪ್ರತಿ ಅಳತೆಯೂ 65,536 ಮಟ್ಟಗಳಲ್ಲಿ ಯಾವುದಾದರೂ ಒಂದಕ್ಕೆ ಕೂರಬೇಕು. ಇವು ಅಂಗಳದಲ್ಲಿ ಇಟ್ಟ ರಂಗೋಲಿ ಚುಕ್ಕಿಗಳಿದ್ದ ಹಾಗೆ. ಚುಕ್ಕಿ ನೋಡಿ ಗೆರೆ ಎಳೆಯುವ ಕೈಯೇ ಡ್ಯಾಕ್. ಆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಬರುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಒಳಗಿನ ಫಿಲ್ಟರ್ ಮೂಲೆಗಳನ್ನೆಲ್ಲ ತೆಗೆದು, ನುಣುಪಾದ ಬಳ್ಳಿಯಂಥ ಅಲೆಯನ್ನೇ ಕೊಡುತ್ತದೆ. ನಮ್ಮ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ 20,000 ಅಲೆ. ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಚುಕ್ಕಿ ಇದ್ದರೆ ಗೆರೆ ತಪ್ಪುವುದಿಲ್ಲ. 44,100ರ ಗುಟ್ಟು ಇಷ್ಟೇ.

ಗೆರೆ ಬಂತು, ಆದರೆ ಅದಕ್ಕೆ ಕಸುವಿಲ್ಲ. ಡ್ಯಾಕ್‌ನ ಹಿಂದೆ ಇರುವ ಕೆಂಪು-ಬಿಳಿ ಪಿನ್‌ಗಳಿಂದ, ಅಂದರೆ ಲೈನ್ ಔಟ್‌ನಿಂದ, ಸಾಮಾನ್ಯವಾಗಿ 2 ವೋಲ್ಟ್‌ನಷ್ಟು ಸಿಗ್ನಲ್ ಬರುತ್ತದೆ. ಹೆಡ್‌ಫೋನಿನ ಪರದೆಯನ್ನು ಅಲುಗಾಡಿಸುವಷ್ಟು ಕರೆಂಟ್ ಅದರ ಹಿಂದೆ ಇರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ತಗ್ಗಿನ ಗದ್ದೆಗೆ ತಾನೇ ಹರಿಯುತ್ತದೆ, ದಿಬ್ಬದ ಹೊಲಕ್ಕೆ ಮೋಟರ್ ಇಡಬೇಕು, ಅಲ್ವಾ? ಆ ಮೋಟರ್ರೇ ಆಂಪ್. ನೀರನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆ ಅನ್ನೋದು ವೋಲ್ಟೇಜ್, ಎಷ್ಟು ನೀರು ಹರಿಸುತ್ತದೆ ಅನ್ನೋದು ಕರೆಂಟ್. ಒಂದೊಂದು ಹೆಡ್‌ಫೋನ್ ಒಂದೊಂದನ್ನು ಕೇಳುತ್ತದೆ.

ಗಂಗಾವತಿಯಲ್ಲಿ ಓದುವ ನಮ್ಮ ಚಿಕ್ಕಪ್ಪನ ಮಗ ಒಂದು ಸಂಜೆ ಹೆಡ್‌ಫೋನ್ ಹಿಡಿದುಕೊಂಡು ಬಂದ. ಸ್ಟುಡಿಯೋದವರು ಬಳಸುವ ಥರದ್ದು. ಫೋನಿಗೆ ಸಿಕ್ಕಿಸಿ, ವಾಲ್ಯೂಮ್ ಕಡೇತನಕ ಏರಿಸಿ, "ಅಣ್ಣಾ, ಇದರಾಗ ಸೌಂಡೇ ಬರವಲ್ದು" ಅಂದ. ಡಬ್ಬಿ ತಿರುಗಿಸಿ ನೋಡಿದರೆ 300 ಓಮ್ ಅಂತ ಬರೆದಿತ್ತು. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಹೆಡ್‌ಫೋನ್ ಕೆಟ್ಟಿರಲಿಲ್ಲ, ಅದು ದಿಬ್ಬದ ಹೊಲ. ಹಾಡಿನ ಜೋರಾದ ಜಾಗದಲ್ಲಿ ಅದಕ್ಕೆ 3 ವೋಲ್ಟ್ ಬೇಕಾದರೆ, ಹರಿಯುವುದು ಬರೀ 10 ಮಿಲಿಆಂಪಿಯರ್. ಎತ್ತರ ಜಾಸ್ತಿ, ನೀರು ಕಡಿಮೆ. 32 ಓಮ್‌ನದು ಇದರ ಉಲ್ಟಾ. 1 ವೋಲ್ಟ್ ಕೊಟ್ಟರೂ 31 ಮಿಲಿಆಂಪಿಯರ್ ಎಳೆಯುತ್ತದೆ. ಪ್ಲೇನಾರ್, ಅಂದರೆ ತೆಳುವಾದ ಚಪ್ಪಟೆ ಪರದೆಯ ಹೆಡ್‌ಫೋನ್‌ಗಳಲ್ಲಿ ಓಮ್ ಕಡಿಮೆ ಇದ್ದರೂ ಹಲವಕ್ಕೆ ಕರೆಂಟಿನ ಹಸಿವು ಜೋರು. ಹಾಗಾಗಿ ಓಮ್ ಒಂದನ್ನೇ ನೋಡಿದರೆ ಸಾಲದು, ಸೆನ್ಸಿಟಿವಿಟಿ, ಅಂದರೆ ಇಷ್ಟು ಸಿಗ್ನಲ್‌ಗೆ ಎಷ್ಟು ಜೋರು ದನಿ ಕೊಡುತ್ತದೆ ಅಂತ ಬರೆದಿರುವುದನ್ನೂ ಓದಬೇಕು.

ಆಂಪ್‌ಗೂ ತನ್ನದೇ ಓಮ್ ಇರುತ್ತದೆ, ಅದಕ್ಕೆ ಔಟ್‌ಪುಟ್ ಇಂಪೀಡೆನ್ಸ್ ಅಂತಾರೆ. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನೋದು ಬಲ್ಲವರ ಲೆಕ್ಕ. 32 ಓಮ್‌ಗೆ 4ರ ಒಳಗೆ. ಜಾಸ್ತಿಯಾದರೆ ಕೆಲವು ಹೆಡ್‌ಫೋನ್‌ಗಳಲ್ಲಿ ಬೇಸ್ ಉಬ್ಬಿ ಸಡಿಲಾಗುತ್ತದೆ.

ಜೋಡಿಸುವುದು ಸುಲಭ. ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ವೈರ್ ಡ್ಯಾಕ್‌ಗೆ, ಡ್ಯಾಕ್‌ನ ಕೆಂಪು-ಬಿಳಿ ಪಿನ್ ಆಂಪ್‌ಗೆ, ಆಂಪ್‌ನಿಂದ ಹೆಡ್‌ಫೋನ್. ಡ್ಯಾಕ್ ಕಡೆ ವಾಲ್ಯೂಮ್ ಪೂರ್ತಿ ಇಟ್ಟು, ಆಂಪ್‌ನ ನಾಬ್ ಸೊನ್ನೆಯಿಂದ ನಿಧಾನವಾಗಿ ಏರಿಸಿ. ಈ ಕ್ರಮ ಮರೆತರೆ ಕಿವಿಗೆ ಪೆಟ್ಟು. ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅಂತ ಆರಿಸುವ ಗೇನ್ ಸ್ವಿಚ್ ಇದ್ದರೆ, ಮೊದಲು 'ಲೋ' ಕಡೆಗೇ ಇರಲಿ. ಸೂಕ್ಷ್ಮವಾದ ಇಯರ್‌ಫೋನಿಗೆ ಹೈ ಗೇನ್ ಕೊಟ್ಟರೆ ಹಾಡಿಲ್ಲದಾಗಲೂ 'ಸ್‌ಸ್' ಅನ್ನುತ್ತದೆ.

ಎಲ್ಲರಿಗೂ ಎರಡು ಪೆಟ್ಟಿಗೆ ಬೇಕಾ? ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ಸುಮ್ನೆ ದುಡ್ಡು ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತೆ. ಟೈಪ್-ಸಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್ ಒಳಗೇ ಸಾಮಾನ್ಯವಾಗಿ ಡ್ಯಾಕ್ ಇರುತ್ತೆ, ಪುಟ್ಟ ಆಂಪೂ ಇರುತ್ತೆ. 16, 32 ಓಮ್‌ನ ಮಾಮೂಲಿ ಇಯರ್‌ಫೋನಿಗೆ ಅದು ಧಾರಾಳ. ಬ್ಲೂಟೂತ್ ಹೆಡ್‌ಫೋನಿನ ಒಳಗೂ ಎರಡೂ ಇರುತ್ತವೆ. ನಮ್ಮ ತಮ್ಮನಿಗೆ ಕೊರತೆ ಇದ್ದದ್ದು ಆಂಪಿನದು. ಆದರೆ ಅಂಗಡಿಯೊಂದರಲ್ಲಿ ಅವನಿಗೆ ದುಬಾರಿ ಡ್ಯಾಕ್ ತೋರಿಸಿದ್ದರು. ಒಳ್ಳೆಯ ಡ್ಯಾಕ್‌ಗಳ ನಡುವಿನ ವ್ಯತ್ಯಾಸ ಕಿವಿಗೆ ಹತ್ತುವುದೇ ಕಷ್ಟ. ಹೆಡ್‌ಫೋನಿಗೆ ಒಗ್ಗದ ಆಂಪ್ ಮಾತ್ರ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಮೊದಲು ಹೆಡ್‌ಫೋನ್, ಆಮೇಲೆ ಅದಕ್ಕೆ ತಕ್ಕ ಆಂಪ್, ಡ್ಯಾಕ್ ಕೊನೆಗೆ.

ಅವನಿಗೆ ನನ್ನ ಆಂಪ್ ಕೊಟ್ಟು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಾಕಿದೆ. ಹಿಂದೆ ಗುಂಯ್ ಅಂತ ಸಣ್ಣ ದನಿ. ತಂಬೂರಿ ಇರಬೇಕು ಅಂದುಕೊಂಡೆವು. ಹಾಡು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕೂಡಲೇ ನಿಂತಿತು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಚಾರ್ಜರ್ ಒಂದು ಗೋಡೆಯ ಪ್ಲಗ್‌ನಲ್ಲಿ, ಆಂಪ್ ಇನ್ನೊಂದರಲ್ಲಿ ಇತ್ತು. ಅರ್ಥಿಂಗ್ ಎರಡು ದಾರಿಯಲ್ಲಿ ಕೂಡಿ ಒಂದು ಸುತ್ತು ಆಗಿ, ಮನೆಯ 50 ಹರ್ಟ್ಸ್ ಕರೆಂಟಿನ ಗುನುಗು ವೈರಿನೊಳಗೆ ನುಗ್ಗಿತ್ತು. ಇಂಥ ಹೊತ್ತಲ್ಲಿ ಅರ್ಥಿಂಗ್ ಪಿನ್ ಮುರಿದು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದೆವು, ಗುಂಯ್ ಹೋಯಿತು. ಹಾಡು ಮತ್ತೆ ಶುರು ಮಾಡಿದಾಗ, ದನಿಯ ಹಿಂದೆ ಉಳಿದದ್ದು ತಂಬೂರಿ ಒಂದೇ.