ಮುರಕಲ್ಲಿನ ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್?

ನಾಲ್ಕು ಮಳೆ ಜೋರಾಗಿ ಹೊಯ್ದರೆ ಕಾಸರಗೋಡು ಪೇಟೆಯ ಮನೆಗಳಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ನೆನಪಾಗುತ್ತದೆ. ಎಷ್ಟೋ ಕಡೆ ಒಂದು ಮುಷ್ಟಿ ಪುಡಿಯನ್ನು ಬಾವಿಕಟ್ಟೆಯಿಂದಲೇ ಎರಚಿ, ವಾಸನೆ ಬಂದರೆ ಸಾಕು ಎಂದುಕೊಳ್ಳುತ್ತಾರೆ. ನಮ್ಮ ಊರಿನ ಕಲ್ಲು, ನೀರು ಎರಡರ ಗುಣ ಬಲ್ಲವರು ಯಾರೂ ಅಷ್ಟಕ್ಕೆ ಸುಮ್ಮನಾಗಬಾರದು.

ಇಲ್ಲಿ ನೆಲ ಅಗೆದಲ್ಲೆಲ್ಲ ಮುರಕಲ್ಲು, ಅಂದರೆ ಲ್ಯಾಟರೈಟ್. ಲಕ್ಷಾಂತರ ವರ್ಷಗಳ ಬಿಸಿಲು, ಮಳೆಗೆ ಬಂಡೆಯ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದು ಆದ ಕಲ್ಲು ಇದು. ಮೈತುಂಬ ತೂತು. ಮಳೆನೀರು ಈ ತೂತುಗಳಲ್ಲಿ ಸರಸರನೆ ಇಳಿದು ಅಡಿಯ ಶೇಡಿಮಣ್ಣಿನ (ನೀರು ಸುಲಭವಾಗಿ ಇಳಿಯದ ಜೇಡಿಮಣ್ಣು) ಮೇಲೆ ನಿಲ್ಲುತ್ತದೆ. ಮರಳಿನಲ್ಲಿ ಆಗುವಷ್ಟು ಸೋಸುವಿಕೆ ಇಲ್ಲಿ ಆಗುವುದಿಲ್ಲ. ಕುಡಿಯುವ ನೀರಿನ ಬಾವಿಗೂ ಶೌಚದ ಗುಂಡಿಗೂ 7.5 ಮೀಟರ್ ಅಂತರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಚಿಲ್ಲರೆ, ಅಷ್ಟೆ. ನಮ್ಮ ಗುಂಡಿಯನ್ನು ದೂರ ತೋಡಿದರೂ ಆಚೆಮನೆಯದು ಕಾಂಪೌಂಡಿನ ಮಗ್ಗುಲಲ್ಲೇ ಇದ್ದೀತು.

ಗುಂಡಿಯ ರೋಗಾಣುಗಳು ಬಾವಿಗೆ ಸೇರುವುದು ಸುಲಭ. ಹಾಗಾಗಿ ಅವನ್ನು ಕೊಲ್ಲುವಷ್ಟು ಪುಡಿ ಹಾಕಲು ಮೊದಲು ನೀರನ್ನು ಅಳೆಯಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ಒದ್ದೆಯಾದ ಉದ್ದವೇ ನೀರಿನ ಆಳ. ಬಾವಿಯ ಅಡ್ಡಳತೆಯನ್ನು (ಮೀಟರಿನಲ್ಲಿ) ಅದೇ ಅಡ್ಡಳತೆಯಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ಆಳದಿಂದ ಗುಣಿಸಿದರೆ ಘನ ಮೀಟರ್ ಸಿಗುತ್ತದೆ. ಒಂದು ಘನ ಮೀಟರ್ ಎಂದರೆ 1000 ಲೀಟರ್. ಅಷ್ಟು ನೀರಿಗೆ ಒಳ್ಳೆಯ ಪುಡಿ 2.5 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ ಮೇ ತಿಂಗಳಲ್ಲಿ 1 ಮೀಟರ್ ನೀರಿದ್ದರೆ 18 ಗ್ರಾಂ ಸಾಕು. ಆಟಿಯಲ್ಲಿ, ಅಂದರೆ ಜೋರು ಮಳೆಗಾಲದ ತಿಂಗಳಲ್ಲಿ, ಅದೇ ಬಾವಿ 7 ಮೀಟರ್ ತುಂಬಿದಾಗ 124 ಗ್ರಾಂ ಬೇಕು. ಮುಷ್ಟಿಯ ಲೆಕ್ಕ ತಪ್ಪುವುದು ಇಲ್ಲೇ. ಹೊರಗಿನ ಕೊಳಕು ನೀರು ಬಾವಿಗೆ ನುಗ್ಗಿದ್ದರೆ ಪ್ರಮಾಣ ಇಮ್ಮಡಿ, ಅಂದರೆ 5 ಗ್ರಾಂ.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಡಿ. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಬೇಡ. ತಳದಲ್ಲಿ ಕೂರುವುದು ಸುಣ್ಣ. ಅದು ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ಮೇಲಿನ ತಿಳಿಯನ್ನು ಬಾವಿಯ ಕೊಡಪಾನಕ್ಕೆ ಬಗ್ಗಿಸಿ, ನೀರಿನೊಳಗೆ ಮುಳುಗುವಷ್ಟು ಇಳಿಸಿ, ಹತ್ತಾರು ಸಲ ಮೇಲೆ ಕೆಳಗೆ ಆಡಿಸಬೇಕು. ಮೇಲಿನಿಂದ ಸುರಿದರೆ ಅಡಿಯ ನೀರಿಗೆ ಕ್ಲೋರಿನ್ ಸರಿಯಾಗಿ ಬೆರೆಯುವುದಿಲ್ಲ. ಆಮೇಲೆ ಕನಿಷ್ಠ ಒಂದು ಗಂಟೆ ಸೇದಬೇಡಿ. ಸಂಜೆ ಹಾಕಿ ಬೆಳಗ್ಗೆ ಬಳಸುವುದು ಅನುಕೂಲ; ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗುತ್ತದೆ.

ಪುಡಿ ಹಾಕಿದ ಮೇಲೆ ನೀರು ಕೆಂಪಾಯಿತು, ಪುಡಿಯೇ ಹಾಳು ಎಂಬ ದೂರು ಇಲ್ಲಿ ಸಾಮಾನ್ಯ. ತಪ್ಪು ಪುಡಿಯದಲ್ಲ. ಮುರಕಲ್ಲಿನ ಬಾವಿನೀರಿಗೆ ಸಾಮಾನ್ಯವಾಗಿ ತುಸು ಆಮ್ಲದ ಗುಣ. ಅದರಲ್ಲಿ ಕರಗಿದ ಕಬ್ಬಿಣಕ್ಕೆ ಬಣ್ಣವಿಲ್ಲ. ಕ್ಲೋರಿನ್ ತಾಗಿದೊಡನೆ ಆ ಕಬ್ಬಿಣ ತುಕ್ಕಿನ ರೂಪಕ್ಕೆ ತಿರುಗಿ ಕಣ್ಣಿಗೆ ಕಾಣುತ್ತದೆ, ನಿಧಾನಕ್ಕೆ ತಳಕ್ಕಿಳಿಯುತ್ತದೆ. ಚಿಂತಿಸಬೇಕಾದದ್ದು ಬೇರೆ: 1 ಮಿಲಿಗ್ರಾಂ ಕಬ್ಬಿಣ ಹೀಗೆ ಬದಲಾಗಲು ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ಖರ್ಚಾಗುತ್ತದೆ. 2.5 ಗ್ರಾಂ ಪುಡಿಯಿಂದ ಲೀಟರಿಗೆ ಸಿಗುವುದೇ 0.8 ಮಿಲಿಗ್ರಾಂ. ಅಂಥ ಬಾವಿಯಲ್ಲಿ ರೋಗಾಣುಗಳ ಪಾಲಿಗೆ ಏನೂ ಉಳಿಯದೆ ಹೋಗಬಹುದು. ಒಂದು ಗಂಟೆಯ ಬಳಿಕ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಮಿಕ್ಕಿರಬೇಕು. ಅದನ್ನು ತಿಳಿಯಲು ಪರೀಕ್ಷೆಯ ಕಿಟ್ಟೇ ಬೇಕು, ಮೂಗು ಸಾಲದು. ಕಿಟ್ಟುಗಳಲ್ಲಿ ಬಳಸುವ ರಾಸಾಯನಿಕಗಳಲ್ಲಿ, ಹಳದಿ ಬಣ್ಣ ತೋರಿಸುವ ಆರ್ಥೋಟೊಲಿಡಿನ್ ಕಬ್ಬಿಣವಿರುವ ನೀರಿನಲ್ಲಿ ಮೋಸ ಮಾಡುತ್ತದೆ. ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಎಂಬ ರಾಸಾಯನಿಕದ ಕಿಟ್ ವಾಸಿ.

ಪುಡಿ ಹಳೆಯದಾಗಿದ್ದರೆ ಈ ಲೆಕ್ಕವೆಲ್ಲ ಬುಡಮೇಲು. ಹೊಸದರಲ್ಲಿ ನೂರಕ್ಕೆ 30ರಿಂದ 35 ಪಾಲು ಕ್ಲೋರಿನ್ ಇರುತ್ತದೆ. ನಮ್ಮ ಮಳೆಗಾಲದ ಗಾಳಿಗೆ ಬಾಯಿ ತೆರೆದಿಟ್ಟ ಪೊಟ್ಟಣ ಬಲುಬೇಗ ಬರಿಯ ಸುಣ್ಣವಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತಗಡಿನದನ್ನು ಕ್ಲೋರಿನ್ ತಿಂದುಹಾಕುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಹತ್ತಿರವೂ ಇರಬಾರದು, ಎರಡೂ ಸೇರಿದರೆ ವಿಷಾನಿಲ.

ಕ್ಲೋರಿನ್ನಿಗೂ ಜಗ್ಗದ ಕ್ರಿಪ್ಟೊಸ್ಪೊರಿಡಿಯಂನಂಥ ಪರಾವಲಂಬಿಗಳಿವೆ. ಅವು ಸಾಯುವುದು ನೀರು ಒಂದು ನಿಮಿಷ ಕೊತಕೊತ ಕುದಿದಾಗ. ಜೀರಿಗೆ ನೀರು ಕುಡಿಯುವ ಮನೆಗಳಿಗೆ ಇದು ಕಷ್ಟವಲ್ಲ. ಆದರೆ ಬೇಗ ತಣಿಯಲೆಂದು ಅದಕ್ಕೆ ಅರ್ಧ ಲೋಟ ಹಸಿನೀರು ಬೆರೆಸಿದರೆ ಕುದಿಸಿದ ಕೆಲಸವೆಲ್ಲ ಅಲ್ಲಿಗೆ ವ್ಯರ್ಥ.